ಹಂಪೆಯಲ್ಲಿ ಉದುರಿದ ಐದು ಹಲ್ಲುಗಳು

ಶರಣರ ಮಹಿಮೆಯನ್ನು ಹಾಡಿದ ಕವಿಗಳು ಭಕ್ತರ ಕೊರತೆಗಳನ್ನು ಮರೆಮಾಚಲಿಲ್ಲ. ಕೋಪ, ಹೆಮ್ಮೆ, ಮಾತಿಗೆ ತಪ್ಪುವ ಚಪಲ ಇವು ವಿಭೂತಿ ಧರಿಸಿದ ಹಣೆಯ ಹಿಂದೆಯೂ ಇರಬಲ್ಲವೆಂಬುದನ್ನು ಅವರು ನಗುನಗುತ್ತಲೇ ಹೇಳಿದರು. ಇದಕ್ಕೆ ಹಂಪೆಯ ಹರಿಹರ ಮತ್ತು ರಾಘವಾಂಕರ ವೃತ್ತಾಂತವೇ ಸಾಕ್ಷಿ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆಯಿಂದ ವಿರೂಪಾಕ್ಷನ ದರ್ಶನಕ್ಕೆ ಬರುವ ಭಕ್ತರು ಈ ಸೋದರಮಾವ, ಸೋದರಳಿಯರನ್ನು ನೆನೆಯದೆ ಹಿಂದಿರುಗಲಾಗದು.

ಕ್ರಿ.ಶ. 1200ರ ಸುಮಾರಿನಲ್ಲಿದ್ದ ಹರಿಹರನು ಮೊದಲು ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಪ್ರತೀತಿ. ಒಮ್ಮೆ ಲೆಕ್ಕ ಬರೆಯುತ್ತಿದ್ದವನು ಇದ್ದಕ್ಕಿದ್ದಂತೆ ಕಡತವನ್ನು ಕೈಯಿಂದ ಉಜ್ಜತೊಡಗಿದನು. ಕಾರಣ ಕೇಳಿದರೆ, ಹಂಪೆಯ ಗುಡಿಯಲ್ಲಿ ಆರತಿಯ ಉರಿ ತಾಗಿ ತೆರೆ ಹೊತ್ತಿಕೊಂಡಿತು, ಅದನ್ನು ಆರಿಸಿದೆನು ಎಂದನು. ಸುತ್ತಲಿದ್ದವರು ನಕ್ಕರು. ವಿಚಾರಿಸಿದಾಗ ಸಂಗತಿ ನಿಜವಾಗಿತ್ತು, ನಕ್ಕವರೇ ಕೈಮುಗಿಯಬೇಕಾಯಿತು.

ಹಂಪೆಯಲ್ಲಿ ನೆಲೆಸಿದ ಹರಿಹರನು ರಗಳೆಗಳಲ್ಲಿ ಭಕ್ತರ ಬದುಕನ್ನು ಹಾಡಿದನು. ಅವನ ನಂಬಿಯಣ್ಣನು ಪರವೆಯನ್ನು ವರಿಸಿದವನು ಸಂಕಿಲೆಯನ್ನೂ ವರಿಸಿ, ಅವಳನ್ನು ಅಗಲೆನೆಂದು ಕೊಟ್ಟ ಮಾತಿಗೂ ತಪ್ಪಿ ಕಣ್ಣು ಕಳೆದುಕೊಳ್ಳುತ್ತಾನೆ. ಮುನಿದ ಪರವೆಯನ್ನು ಒಲಿಸಲು ಸಾಕ್ಷಾತ್ ಶಿವನನ್ನೇ ರಾಯಭಾರಕ್ಕೆ ಕಳುಹಿಸುತ್ತಾನೆ. ಭಕ್ತನ ಸಲುಗೆಯನ್ನೂ ಶಿವನ ಪಾಡನ್ನೂ ಕಂಡು ನಗದವರಾರು?

ಹೀಗೆ ಪರರ ಕುಂದನ್ನು ಕರುಣೆಯಿಂದ ಕಂಡ ಕವಿಗೆ ತನ್ನ ಅಳಿಯನ ಕುಂದು ಮಾತ್ರ ಸಹಿಸದಾಯಿತು. ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ರಚಿಸಿ, ಅರಸನ ಸಭೆಯಲ್ಲಿ ಓದಿ ಮನ್ನಣೆ ಪಡೆದು, ಹಿಗ್ಗಿನಿಂದ ಗುರುವಿನ ಬಳಿಗೆ ಬಂದನಂತೆ. ಶಿವನನ್ನೂ ಶರಣರನ್ನೂ ಬಿಟ್ಟು ನರನೊಬ್ಬನನ್ನು ಸ್ತುತಿಸುವುದೇ ಎಂದು ಕೆರಳಿದ ಹರಿಹರನು ಪಾದುಕೆಯಿಂದ ಹೊಡೆದನು. ಐದು ಹಲ್ಲುಗಳು ಉದುರಿದವು. ಹೊಗಳಿಕೆಗೆ ಹಲ್ಲುಬಿಟ್ಟವನಿಗೆ ಇದಕ್ಕಿಂತ ತಕ್ಕ ಶಿಕ್ಷೆ ಇರಲಾರದು! ಮುಂದೆ ರಾಘವಾಂಕನು ಸಿದ್ಧರಾಮಚಾರಿತ್ರ, ಸೋಮನಾಥಚಾರಿತ್ರ ಮೊದಲಾದ ಐದು ಶೈವಕೃತಿಗಳನ್ನು ಬರೆದಂತೆ ಒಂದೊಂದೇ ಹಲ್ಲು ಮರಳಿ ಬಂದಿತೆಂದು ಕಥೆ.

ಇದು ಚರಿತ್ರೆಯ ದಾಖಲೆಯಲ್ಲ, ಪರಂಪರೆ ಕಾಪಾಡಿಕೊಂಡು ಬಂದ ಐತಿಹ್ಯ. ಆದರೆ ಇಲ್ಲಿ ತಪ್ಪು ಒಬ್ಬರದಲ್ಲ. ಶಿಷ್ಯನಿಗೆ ಹೆಮ್ಮೆ, ಗುರುವಿಗೆ ಕೋಪ. ಬಹುದೂರದ ದೋರಸಮುದ್ರದಲ್ಲಿ ಕುಳಿತು ಹಂಪೆಯ ಬೆಂಕಿಯನ್ನು ಆರಿಸಿದ ಮಹಾನುಭಾವನಿಗೆ, ಹಂಪೆಯಲ್ಲಿಯೇ ಕುಳಿತಾಗ ತನ್ನೆದೆಯ ಬೆಂಕಿಯನ್ನು ಆರಿಸಲಾಗಲಿಲ್ಲ. ಕೋಪವು ನೆರೆಮನೆಗಿಂತ ಮೊದಲು ತನ್ನ ಮನೆಯನ್ನೇ ಸುಡುವುದೆಂದು ಬಸವಣ್ಣನವರು ಎಚ್ಚರಿಸಿದ್ದು ಇಂತಹ ಗಳಿಗೆಯನ್ನು ಕಂಡೇ.

ಕಾಲದ ತೀರ್ಪು ಇನ್ನೂ ಸ್ವಾರಸ್ಯಕರ. ಹಲ್ಲು ಮರಳಿಸಿದ ಕೃತಿಗಳಲ್ಲಿ ಶರಭಚಾರಿತ್ರ, ಹರಿಹರಮಹತ್ವಗಳು ದೊರೆತಿಲ್ಲ. ಹಲ್ಲು ಉದುರಿಸಿದ ಹರಿಶ್ಚಂದ್ರಕಾವ್ಯವೇ ಮನೆಮನೆಯ ಮಾತಾಗಿ ಉಳಿದಿದೆ. ಸತ್ಯವನ್ನೇ ಶಿವನೆಂದು ಬಗೆದ ಆ ಕಾವ್ಯ ಶಿವಸ್ತುತಿಯಲ್ಲದೆ ಮತ್ತೇನು? ಗುರು ತಪ್ಪಿ ಹೊಡೆದಿರಬಹುದು, ಶಿಷ್ಯನು ತಪ್ಪಿ ಬೀಗಿರಬಹುದು. ಆದರೂ ಪರಂಪರೆ ಇಬ್ಬರನ್ನೂ ಕೈಬಿಡಲಿಲ್ಲ; ಅವರ ತಪ್ಪನ್ನೂ ಮುಚ್ಚಿಡಲಿಲ್ಲ. ಹಿರಿಯರ ಕಥೆ ಕೇಳಿ ನಗುವ ಭಕ್ತನು ಒಮ್ಮೆ ತನ್ನ ಹಲ್ಲುಗಳನ್ನು ಎಣಿಸಿಕೊಳ್ಳುವುದು ಲೇಸು.