86 ತಿರುಗಿದರೆ 98

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಮ್ಮ ಕರಾವಳಿಯ ಕುಂಭಾಶಿಯಂಥ ಊರಿನ ಮನೆಗಳಿಗೆ ಬಂದದ್ದು ಕೋವಿಡ್ ಕಾಲದಲ್ಲಿ. ಪ್ರತಿ ಹಳ್ಳಿಯಲ್ಲೂ ಈ ಯಂತ್ರ ಇರಬೇಕು, ಆಶಾ ಕಾರ್ಯಕರ್ತೆಯರು ಅದನ್ನು ಮನೆಗಳಿಗೆ ಎರವಲು ಕೊಡಬೇಕು ಎಂದು ಕೇಂದ್ರ ಸರಕಾರ 2021ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. ಅಲ್ಲಿಯ ತನಕ ಅದು ತೋರಿಸುವ ರಕ್ತದ ಆಮ್ಲಜನಕದ ಅಂಕೆಯನ್ನು ನೋಡುತ್ತಿದ್ದವರು ಅರಿವಳಿಕೆ ವೈದ್ಯರು, ಐಸಿಯು ನರ್ಸುಗಳು. ಈಗ ನೋಡುವವಳು ಸೊಸೆ. ಮುಂಬೈಯಿಂದಲೋ ಗಲ್ಫಿನಿಂದಲೋ ಮಗ ಫೋನಿನಲ್ಲಿ ಕೇಳುವುದು ಒಂದೇ: "ಎಷ್ಟ್ ಇತ್ತ್?"

ಉಸಿರನ್ನು ಅಂಕೆಗೆ ಇಳಿಸುವ ಕೆಲಸ ಹಳೆಯದು. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ನೀರಿನ ತೊಟ್ಟಿಯ ಸ್ಪೈರೋಮೀಟರಿನಿಂದ ಶ್ವಾಸಕೋಶದ ಸಾಮರ್ಥ್ಯ ಅಳೆದ. 1959ರಲ್ಲಿ ಮಾರ್ಟಿನ್ ರೈಟ್, ರೋಗಿ ಎಷ್ಟು ರಭಸದಿಂದ ಊದಬಲ್ಲ ಎಂದು ಹೇಳುವ ಪೀಕ್ ಫ್ಲೋ ಮೀಟರನ್ನು ಪ್ರಕಟಿಸಿದರು. 1978ರ ಹೊತ್ತಿಗೆ ಅದು ಕೈಯಲ್ಲಿ ಹಿಡಿಯುವಷ್ಟು ಸಣ್ಣ ಪ್ಲಾಸ್ಟಿಕ್ ಕೊಳವೆಯಾಯಿತು. ಬ್ಯಾಟರಿ ಇಲ್ಲ, ಪರದೆ ಇಲ್ಲ, ಒಂದು ಮುಳ್ಳು ಮಾತ್ರ. ಆಮೇಲೆ 1990ರ ದಶಕದ ಅಸ್ತಮಾ ಮಾರ್ಗಸೂಚಿಗಳು ಹಸಿರು, ಹಳದಿ, ಕೆಂಪು ವಲಯಗಳನ್ನು ಜನಪ್ರಿಯಗೊಳಿಸಿದವು. ರೋಗಿ ಚೆನ್ನಾಗಿದ್ದ ದಿನಗಳಲ್ಲಿ ಊದಿದ ಅತ್ಯುತ್ತಮ ಅಂಕೆಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ಕ್ಕಿಂತ ಕೆಳಗೆ ಹೋದರೆ ಕೆಂಪು. ಇಲ್ಲಿ ಅಳತೆಗೋಲು ಬೇರೆ ಯಾರೂ ಅಲ್ಲ, ಅದೇ ರೋಗಿ. ನನ್ನ ಮಟ್ಟಿಗೆ ಉಸಿರಿನ ಅಂಕೆ ತೋರಿಸುವ ಅತ್ಯಂತ ಬುದ್ಧಿವಂತ ವಿಧಾನ ಇದೇ. ಮುಂದೆ ಬಂದ ಮಿನುಗುವ ಪರದೆಗಳು ಇದನ್ನು ಮರೆತವು.

ಇನ್ನೊಂದು ದಾರಿ ಜಪಾನಿನಲ್ಲಿ ತೆರೆಯಿತು. 1974ರಲ್ಲಿ ತಕುವೊ ಅಯೋಯಗಿ ನಾಡಿಮಿಡಿತಕ್ಕೆ ತಕ್ಕಂತೆ ಬದಲಾಗುವ ಬೆಳಕಿನಿಂದಲೇ ರಕ್ತದ ಆಮ್ಲಜನಕ ಅಳೆಯುವ ಉಪಾಯ ಕಂಡುಕೊಂಡರು. 1983ರ ನೆಲ್‌ಕಾರ್ ಯಂತ್ರದಲ್ಲಿ ಆಮ್ಲಜನಕ ಇಳಿದಂತೆ ಬೀಪ್ ಸ್ವರವೂ ಇಳಿಯುತ್ತಿತ್ತು. ಕೆಲಸದಲ್ಲಿ ಮುಳುಗಿದ ವೈದ್ಯರು ಪರದೆಯತ್ತ ತಿರುಗದೆ ಕಿವಿಯಿಂದಲೇ ಅಪಾಯ ಅರಿಯುತ್ತಿದ್ದರು. 1990ರ ದಶಕದ ನಡುವಿನಲ್ಲಿ ಇಡೀ ಯಂತ್ರ ಬೆರಳ ತುದಿಗೆ ಬಂತು.

ತೊಡಕು ಶುರುವಾದದ್ದು ಆ ಪುಟ್ಟ ಪರದೆಯಲ್ಲಿ. ಏಳು ಗೆರೆಗಳ ಎಲ್‌ಇಡಿ ಅಂಕೆಯಲ್ಲಿ 86 ಅನ್ನು ಎದುರಿನಿಂದ, ತಲೆಕೆಳಗಾಗಿ ನೋಡಿದರೆ 98. ಒಂದು ಆಸ್ಪತ್ರೆಗೆ ಓಡಬೇಕಾದ ಅಂಕೆ, ಇನ್ನೊಂದು ನಿಶ್ಚಿಂತೆಯದು. ಹಾಸಿಗೆಯಲ್ಲಿ ಮಲಗಿದ ಅತ್ತೆಗೂ ಪಕ್ಕದಲ್ಲಿ ನಿಂತ ಸೊಸೆಗೂ ಒಂದೇ ಬೆರಳು ಬೇರೆಬೇರೆ ದಿಕ್ಕಿನಿಂದ ಕಾಣುತ್ತದೆ. ಓಎಲ್‌ಇಡಿ ಪರದೆ ಬಂದ ಮೇಲೆ ಗುಂಡಿ ಒತ್ತಿ ಅಂಕೆ ತಿರುಗಿಸಬಹುದಾಯಿತು. ಇನ್ನೂ ಉಳಿದಿರುವುದು ಎರಡು ಅಂಕೆಗಳ ಗೊಂದಲ: ಒಂದು ಆಮ್ಲಜನಕ, ಇನ್ನೊಂದು ನಾಡಿ. ಎರಡೂ ತೊಂಬತ್ತರ ಆಸುಪಾಸಿನಲ್ಲಿ ಇರಬಹುದು, ಪಕ್ಕದ ಹೆಸರು ಇಂಗ್ಲಿಷಿನಲ್ಲಿ, ಅದೂ ಸೂಜಿಮೊನೆಯ ಅಕ್ಷರದಲ್ಲಿ. ಪರದೆಯಲ್ಲಿ ನಾಡಿಯೊಂದಿಗೆ ಕುಣಿಯುವ ಪಟ್ಟಿಯನ್ನಂತೂ ಹೆಚ್ಚಿನವರು ಅಲಂಕಾರ ಅಂದುಕೊಂಡಿದ್ದಾರೆ. ಬೆರಳು ತಣ್ಣಗಿದ್ದು ಮಿಡಿತ ಸರಿಯಾಗಿ ಸಿಗದಿದ್ದರೆ ಅಂಕೆ ನಂಬಬೇಡಿ ಎಂದು ಹೇಳುವುದೇ ಆ ಪಟ್ಟಿ.

ಅಂಕೆಯ ಖಚಿತತೆಯೂ ಅರ್ಧ ತೋರಿಕೆ. ಒಳ್ಳೆಯ ಯಂತ್ರದಲ್ಲೂ ಎರಡು ಅಂಕೆಯಷ್ಟು ಆಚೀಚೆ ಸಹಜ. ಹೀಗಿರುವಾಗ 94ಕ್ಕೆ ಸಮಾಧಾನ, 93ಕ್ಕೆ ಗಾಬರಿ ಎಂಬ ಗಡಿಗೆ ಅರ್ಥ ಕಡಿಮೆ. ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಯಂತ್ರ ಗಮನಿಸದೆ ಬಿಡುವುದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬಿಸಿಲಲ್ಲಿ ಬಲೆ ಎಳೆಯುವ ಗಂಗೊಳ್ಳಿಯ ಮೀನುಗಾರನ ಬೆರಳಿಗೆ ಇದು ದೂರದ ಸುದ್ದಿಯಲ್ಲ.

ಇವೆಲ್ಲಕ್ಕಿಂತ ದೊಡ್ಡ ಲೋಪ ಬೇರೆ ಇದೆ. ನಮ್ಮ ಕರಾವಳಿಯಲ್ಲಿ ಗ್ಯಾಸ್ ಬಂದರೂ ಬಚ್ಚಲ ಹಂಡೆಯ ಕೆಳಗೆ ತೆಂಗಿನ ಮಡಲು, ಸಿಪ್ಪೆ ಉರಿಯುತ್ತಲೇ ಇರುತ್ತವೆ. ದಶಕಗಟ್ಟಲೆ ಆ ಹೊಗೆ ಕುಡಿದ ಹೆಂಗಸರಿಗೆ ಬೀಡಿ ಸೇದದೆಯೂ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಕಾಯಿಲೆ ಬಲಿತವರಿಗೆ ಆಕ್ಸಿಜನ್ ಕೊಡುವಾಗ 88ರಿಂದ 92ರ ನಡುವೆ ಇರಿಸಿ ಎನ್ನುತ್ತದೆ ಬ್ರಿಟಿಷ್ ಥೊರಾಸಿಕ್ ಸೊಸೈಟಿಯ 2008ರ ಮಾರ್ಗಸೂಚಿ. ಅದಕ್ಕಿಂತ ಏರಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ರೋಗಿ ಮಂಪರಿಗೆ ಜಾರಬಹುದು. ಆದರೆ ಅಂಕೆ ಇಳಿದಾಗ ಕೆಂಪು ಬಣ್ಣ ತೋರಿಸುವ ಯಂತ್ರಕ್ಕೆ ಎಲ್ಲರೂ ಒಂದೇ. ಕೆಂಪು ಕಂಡ ಮನೆಯವರು ಆಕ್ಸಿಜನ್ ಕಾನ್ಸಂಟ್ರೇಟರಿನ ತಿರುಪು ಏರಿಸುತ್ತಾರೆ. ಅವರದೇನು ತಪ್ಪು?

ಕರ್ನಾಟಕದಲ್ಲಿ ಕೆಲಸ ನಡೆದಿಲ್ಲವೆಂದಲ್ಲ. 2020ರಲ್ಲಿ ಮೈಸೂರಿನ ಸ್ಕ್ಯಾನ್‌ರೇ ಮತ್ತು ಬೆಂಗಳೂರಿನ ಬಿಇಎಲ್ ಕಂಪನಿಗಳು ಸೇರಿ 30,000 ವೆಂಟಿಲೇಟರುಗಳ ತಯಾರಿಗೆ ಇಳಿದವು. ಒತ್ತಡ, ಹರಿವು, ಗಾತ್ರದ ಅಲೆಗಳು ತುಂಬಿದ ಅಂಥ ಪರದೆ ಪಳಗಿದ ಕಣ್ಣಿಗೆ ಮೀಸಲು. ಬೆಂಗಳೂರಿನ ಡೋಝಿ ಎಂಬ ಸಾಧನ, ಹಾಸಿಗೆಯ ಕೆಳಗಿನ ಹಾಳೆಯಿಂದಲೇ ಉಸಿರಾಟದ ವೇಗ ಹಿಡಿದು, ಆ ಕ್ಷಣದ ಅಂಕೆಯ ಜೊತೆಗೆ ಗಂಟೆಗಳ ಏರಿಳಿತವನ್ನೂ ತೋರಿಸುತ್ತದೆ. ಇದು ಸರಿಯಾದ ದಿಕ್ಕು. ಆಮ್ಲಜನಕದ್ದೂ ಹಾಗೆಯೇ: ನಿನ್ನೆಯ 95 ಇಂದು 92 ಆಗಿದ್ದರೆ, ಮೊದಲಿಂದಲೂ 92 ಇದ್ದವರ ಕತೆಯೇ ಬೇರೆ.

ಕಡಿಮೆ ತೋರಿಸಿ ಹೆಚ್ಚು ಹೇಳುವ ಸಾಧನ ಆಶಾ ಕಾರ್ಯಕರ್ತೆಯ ಕಿಟ್‌ನಲ್ಲಿ ಮೊದಲೇ ಇತ್ತು, ಒಂದು ಡಿಜಿಟಲ್ ಗಡಿಯಾರ. ಒಂದು ನಿಮಿಷ ಮಗುವಿನ ಎದೆ ಏರಿಳಿಯುವುದನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಉಸಿರು ವೇಗವಾಗಿದೆ ಎಂದರ್ಥ. ಅಂಕೆಯ ಜೊತೆಗೇ ವಯಸ್ಸು ಇದೆ, ಮುಂದೇನು ಎಂಬುದೂ ಇದೆ.

ಆಕ್ಸಿಮೀಟರಿನಲ್ಲಿ ವ್ಯಕ್ತಿಗೆ ತಕ್ಕ ಗಡಿ ಹೊಂದಿಸುವ ಸವಲತ್ತು ದುಬಾರಿ ಮಾದರಿಗಳಲ್ಲಿದೆ, ಮೆಡಿಕಲ್ ಶಾಪಿನ ಅಗ್ಗದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇಲ್ಲ. ಅದು ಬರುವ ತನಕ, ಮಣಿಪಾಲದಿಂದಲೋ ಕುಂದಾಪುರದಿಂದಲೋ ಡಿಸ್ಚಾರ್ಜ್ ಆಗುವಾಗ ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ಯಂತ್ರದ ಬೆನ್ನಿಗೆ ಅಂಟಿಸಬಹುದು: ಇವರಿಗೆ 88ರಿಂದ 92, ಕೆಳಗಿಳಿದರೆ ಈ ನಂಬರಿಗೆ ಫೋನ್ ಮಾಡಿ.