ಮೊಬೈಲ್ ಬ್ರೌಸರ್‌ಗಳಲ್ಲಿ ಜಾಲಪುಟಗಳ ಮೆಮೊರಿ ಮಿತಿ

ಮೊಬೈಲ್ ಬ್ರೌಸರ್‌ಗಳಲ್ಲಿ ಜಾಲಪುಟಗಳ ಮೆಮೊರಿ ಮಿತಿ ಎಂಬುದು ಫೋನಿನ ಬ್ರೌಸರಿನಲ್ಲಿ ತೆರೆದ ಪುಟವೊಂದು ಬಳಸಬಹುದಾದ ರ‍್ಯಾಮ್‌ನ ಗರಿಷ್ಠ ಪ್ರಮಾಣ. ಇದು ಬಹುಮಟ್ಟಿಗೆ ನಿಶ್ಚಿತ ಸಂಖ್ಯೆಯಲ್ಲ. ಫೋನಿನ ಒಟ್ಟು ರ‍್ಯಾಮ್, ಅದರ ಕಾರ್ಯಾಚರಣಾ ವ್ಯವಸ್ಥೆ ಮತ್ತು ಆ ಹೊತ್ತಿಗೆ ತೆರೆದಿರುವ ಇತರ ಆ್ಯಪ್‌ಗಳಿಗೆ ತಕ್ಕಂತೆ ಬದಲಾಗುತ್ತದೆ. ಮೆಮೊರಿ ಸಾಲದಾದಾಗ ವ್ಯವಸ್ಥೆಯು ಪುಟವನ್ನು ಮುನ್ಸೂಚನೆಯಿಲ್ಲದೆ ಕೈಬಿಡುವುದರಿಂದ, ಬಳಕೆದಾರರು ತುಂಬಿ ಇನ್ನೂ ಸಲ್ಲಿಸದ ಮಾಹಿತಿ ಅಳಿದುಹೋಗಬಹುದು.

ಕಾರ್ಯವಿಧಾನ

ಮೇಜಿನ ಕಂಪ್ಯೂಟರಿನಲ್ಲಿ ರ‍್ಯಾಮ್ ತುಂಬಿದಾಗ ಅದರ ಒಂದು ಭಾಗವನ್ನು ಡಿಸ್ಕಿಗೆ ಸಾಗಿಸಲಾಗುತ್ತದೆ. ಫೋನುಗಳು ಈ ಕ್ರಮವನ್ನು ಹೆಚ್ಚಾಗಿ ಅವಲಂಬಿಸುವುದಿಲ್ಲ. ಆಂಡ್ರಾಯ್ಡ್ ರ‍್ಯಾಮ್‌ನಲ್ಲಿರುವ ದತ್ತಾಂಶವನ್ನು ಅಲ್ಲಿಯೇ ಸಂಕುಚಿಸಿ ಜಾಗ ಮಾಡಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಕಡಿಮೆ ಆದ್ಯತೆಯ, ಅಂದರೆ ಸಾಮಾನ್ಯವಾಗಿ ಹಿನ್ನೆಲೆಯಲ್ಲಿರುವ, ಪ್ರಕ್ರಿಯೆಗಳನ್ನು ಕೊನೆಗೊಳಿಸುತ್ತದೆ. ಐಒಎಸ್‌ನಲ್ಲಿ ಇದೇ ಕೆಲಸವನ್ನು ಜೆಟ್‌ಸ್ಯಾಮ್ ಎಂಬ ಘಟಕ ನಿರ್ವಹಿಸುತ್ತದೆ. ಕೈಬಿಟ್ಟ ಟ್ಯಾಬಿಗೆ ಬಳಕೆದಾರರು ಹಿಂದಿರುಗಿದಾಗ ಪುಟವು ಮೊದಲಿನಿಂದ ಮತ್ತೆ ತೆರೆದುಕೊಳ್ಳುತ್ತದೆ.

ಡೌನ್‌ಲೋಡ್ ಆಗುವ ಗಾತ್ರಕ್ಕೂ ಮೆಮೊರಿಯಲ್ಲಿ ಪುಟ ಆಕ್ರಮಿಸುವ ಗಾತ್ರಕ್ಕೂ ನೇರ ಸಂಬಂಧವಿಲ್ಲ. 4000×3000 ಪಿಕ್ಸೆಲ್‌ಗಳ ಛಾಯಾಚಿತ್ರ ಜೆಪೆಗ್ ಕಡತವಾಗಿ ಕೆಲವೇ ಎಂ.ಬಿ. ಇರಬಹುದು. ಅದನ್ನು ಪೂರ್ಣ ಗಾತ್ರದಲ್ಲಿ ಬಿಡಿಸಿದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ 4.8 ಕೋಟಿ ಬೈಟ್, ಅಂದರೆ ಸುಮಾರು 48 ಎಂ.ಬಿ. ಬೇಕಾಗುತ್ತದೆ.

ನಮೂನೆಗಳು ಮತ್ತು ಮಾಹಿತಿ ನಷ್ಟ

ಮಿತಿಯ ಪರಿಣಾಮ ಹೆಚ್ಚು ಕಾಣುವುದು ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ಉದ್ದನೆಯ ನಮೂನೆ ತುಂಬುವಾಗ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿ ತಾಲ್ಲೂಕಿನ ರೈತರು ಭೂಮಿ ಜಾಲತಾಣದಲ್ಲಿ ಪಹಣಿ (ಈ ಭಾಗದಲ್ಲಿ ಉತಾರ) ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾಗಳನ್ನು ಒಂದಾದಮೇಲೊಂದು ಆರಿಸಬೇಕು. ಹೀಗೆ ಹಿಂದಿನ ಆಯ್ಕೆಯ ಮೇಲೆ ಮುಂದಿನ ಪಟ್ಟಿ ನಿಲ್ಲುವ ಯಾವುದೇ ಪುಟ ಮತ್ತೆ ತೆರೆದುಕೊಂಡಾಗ, ಆಯ್ಕೆಗಳನ್ನು ಬೇರೆಡೆ ಉಳಿಸಿರದಿದ್ದರೆ ಮೊದಲಿನಿಂದ ಆರಿಸಬೇಕಾಗುತ್ತದೆ. ಒಟಿಪಿ ಓದಲು ಸಂದೇಶಗಳ ಆ್ಯಪ್‌ಗೆ ಹೋದಾಗ ಬ್ರೌಸರ್ ಹಿನ್ನೆಲೆಗೆ ಸರಿಯುತ್ತದೆ. ದಾಖಲೆಯ ಚಿತ್ರ ತೆಗೆಯಲು ಪುಟದಿಂದಲೇ ಕ್ಯಾಮೆರಾ ತೆರೆದಾಗ ಅಪಾಯ ಇನ್ನೂ ಹೆಚ್ಚು: ಕ್ಯಾಮೆರಾಕ್ಕೇ ಬಹಳ ಮೆಮೊರಿ ಬೇಕಾಗುವುದರಿಂದ, ಚಿತ್ರ ಸಿದ್ಧವಾಗುವಷ್ಟರಲ್ಲಿ ಅದನ್ನು ಸ್ವೀಕರಿಸಬೇಕಾದ ಪುಟವೇ ಉಳಿದಿರುವುದಿಲ್ಲ. ಬಳಕೆದಾರರು ಇದನ್ನು ನೆಟ್‌ವರ್ಕ್ ದೋಷವೆಂದು ಭಾವಿಸುವುದು ಸಹಜ.

ಕನ್ನಡ ಪಠ್ಯ

ಕನ್ನಡದ ಪ್ರತಿ ಯೂನಿಕೋಡ್ ಸಂಕೇತವು ಯುಟಿಎಫ್-8 ಕಡತದಲ್ಲಿ 3 ಬೈಟ್ ಹಿಡಿಯುತ್ತದೆ. ಕ್ರೋಮ್‌ನ ಜಾವಾಸ್ಕ್ರಿಪ್ಟ್ ಯಂತ್ರವಾದ ವಿ8 ಲ್ಯಾಟಿನ್ ಪಠ್ಯವನ್ನು ಅಕ್ಷರಕ್ಕೆ 1 ಬೈಟ್‌ನಂತೆಯೂ ಕನ್ನಡವನ್ನು ಸಂಕೇತಕ್ಕೆ 2 ಬೈಟ್‌ನಂತೆಯೂ ಇಟ್ಟುಕೊಳ್ಳುತ್ತದೆ. ‘ಬಸವನ ಬಾಗೇವಾಡಿ’ ಎಂಬ ಹೆಸರಿನಲ್ಲಿ ನಡುವಿನ ಖಾಲಿ ಜಾಗವೂ ಸೇರಿ 13 ಸಂಕೇತಗಳಿದ್ದು, ಅದಕ್ಕೆ 26 ಬೈಟ್ ಸಾಕು. ಮೇಲೆ ಹೇಳಿದ ಒಂದೇ ಛಾಯಾಚಿತ್ರದ ಜಾಗದಲ್ಲಿ ಈ ಹೆಸರನ್ನು 18 ಲಕ್ಷಕ್ಕೂ ಹೆಚ್ಚು ಬಾರಿ ಬರೆದಿಡಬಹುದು. ಆದ್ದರಿಂದ ಪುಟ ಭಾರವಾಗಲು ಕನ್ನಡ ಲಿಪಿ ಕಾರಣವೆಂಬ ವಾದದಲ್ಲಿ ಹುರುಳಿಲ್ಲ.

ಹಿಂದೆ ಸ್ಥಿತಿ ಬೇರೆಯಾಗಿತ್ತು. ಕನ್ನಡ ಫಾಂಟ್ ಇಲ್ಲದ ಫೋನುಗಳಲ್ಲಿ ಒಪೆರಾ ಮಿನಿ ಬಳಸುತ್ತಿದ್ದವರು ಅದರ ಒಂದು ಆಯ್ಕೆಯ ಮೂಲಕ ಅಕ್ಷರಗಳನ್ನು ಸರ್ವರಿನಲ್ಲಿ ಚಿತ್ರಗಳಾಗಿಸಿ ತರಿಸಿಕೊಳ್ಳುತ್ತಿದ್ದರು. ಓದಲು ಅನುಕೂಲವಾದರೂ ಪುಟದ ಗಾತ್ರ ಹಿಗ್ಗುತ್ತಿತ್ತು.

ಮಿತಿಗಳ ಬದಲಾವಣೆ

2007ರ ಮೊದಲ ಐಫೋನಿನಲ್ಲಿ 128 ಎಂ.ಬಿ. ರ‍್ಯಾಮ್ ಇತ್ತು. ಸಫಾರಿಗಾಗಿ ಪುಟ ರಚಿಸುವವರಿಗೆ ಆ್ಯಪಲ್ ನೀಡಿದ ಹಳೆಯ ಮಾರ್ಗದರ್ಶಿಯಲ್ಲಿ ಜಾವಾಸ್ಕ್ರಿಪ್ಟ್ ಬಳಸುವ ಮೆಮೊರಿಗೆ 10 ಎಂ.ಬಿ. ಮಿತಿ ಸೂಚಿಸಲಾಗಿತ್ತು. ಭಾರತದಲ್ಲಿ 2017ರಲ್ಲಿ ಬಂದ ಜಿಯೋಫೋನ್ 512 ಎಂ.ಬಿ. ರ‍್ಯಾಮ್ ಹೊಂದಿತ್ತು. ಅದೇ ವರ್ಷ ಗೂಗಲ್ 512 ಎಂ.ಬಿ.ಯಿಂದ 1 ಜಿ.ಬಿ. ರ‍್ಯಾಮ್ ಇರುವ ಫೋನುಗಳಿಗಾಗಿ ಆಂಡ್ರಾಯ್ಡ್ ಗೋ ಆವೃತ್ತಿ ಬಿಡುಗಡೆ ಮಾಡಿತು. ಮೆಮೊರಿಯ ಕೊರತೆ ಸುರಕ್ಷತೆಯನ್ನೂ ತಟ್ಟುತ್ತದೆ. 2019ರಲ್ಲಿ ಕ್ರೋಮ್ 77, ಗುಪ್ತಪದದಿಂದ ಪ್ರವೇಶಿಸುವ ತಾಣಗಳನ್ನು ಪ್ರತ್ಯೇಕ ಪ್ರಕ್ರಿಯೆಯಲ್ಲಿಡುವ ರಕ್ಷಣೆಯನ್ನು ಆಂಡ್ರಾಯ್ಡ್‌ಗೆ ತಂದಾಗ ಅದು ಕನಿಷ್ಠ 2 ಜಿ.ಬಿ. ರ‍್ಯಾಮ್ ಇರುವ ಫೋನುಗಳಿಗೆ ಮಾತ್ರ ದೊರೆಯಿತು.

ಪರಿಹಾರೋಪಾಯಗಳು

ನಮೂನೆಯ ಪ್ರತಿ ಉತ್ತರವನ್ನೂ ತುಂಬಿದ ಕೂಡಲೇ ಬ್ರೌಸರಿನ ಸ್ಥಳೀಯ ಸಂಗ್ರಹದಲ್ಲಿ ಉಳಿಸುವುದು ಸರಳ ಉಪಾಯ. ಪುಟ ಅಳಿದರೂ ಉತ್ತರಗಳು ಉಳಿಯುತ್ತವೆ. ಹಂಚಿಕೊಂಡು ಬಳಸುವ ಫೋನಿನಲ್ಲಿ ಆಧಾರ್ ಸಂಖ್ಯೆಯಂತಹ ವಿವರಗಳನ್ನು ಹೀಗೆ ಇಡುವುದು ತರವಲ್ಲ. 2018ರಿಂದ ಕ್ರೋಮ್, ಪುಟವನ್ನು ಹಿಂದೆ ಕೈಬಿಡಲಾಗಿತ್ತೇ ಎಂಬುದನ್ನು ಅದು ಮತ್ತೆ ತೆರೆದಾಗ ತಿಳಿಸುತ್ತದೆ. ಕೈಬಿಡುವ ಕ್ಷಣದಲ್ಲಿ ಮಾತ್ರ ಯಾವ ಸೂಚನೆಯೂ ಬರುವುದಿಲ್ಲವಾದ್ದರಿಂದ, ಪುಟವು ಪರದೆಯಿಂದ ಮರೆಯಾಗುವ ಹೊತ್ತಿಗೇ ಉಳಿಸುವ ಕೆಲಸ ಮುಗಿದಿರಬೇಕು.