‘ತಪ್ಪಾಯಿತು’ ಮತ್ತು ‘ತಪ್ಪು ಮಾಡಿದೆ’: ಪಾಪನಿವೇದನೆಯ ಹಾದಿ

ಕ್ಷಮೆ ಕೇಳುವಾಗ ಕನ್ನಡಿಗರ ಬಾಯಿಗೆ ಮೊದಲು ಬರುವ ಮಾತು ‘ತಪ್ಪಾಯಿತು’. ಅದರಲ್ಲಿ ತಪ್ಪು ಇದೆ, ಮಾಡಿದವರು ಕಾಣುವುದಿಲ್ಲ. ಕಥೋಲಿಕ ಧರ್ಮಸಭೆಯ ಪಾಪನಿವೇದನೆ ಬಯಸುವುದು ‘ನಾನು ತಪ್ಪು ಮಾಡಿದೆ’ ಎಂಬ ಮಾತನ್ನು. ಮಾಡದೇ ಇರಬಹುದಿತ್ತು, ಆದರೂ ಮಾಡಿದೆ ಎಂಬ ಒಪ್ಪಿಗೆ ಅದರೊಳಗಿದೆ. ಕರಾವಳಿಯ ಕೊಂಕಣಿ ಕ್ರೈಸ್ತರು ‘ಕುಮ್ಸಾರ್’ ಎನ್ನುವ ಈ ಸಂಸ್ಕಾರದ ಚರಿತ್ರೆಯೆಂದರೆ, ಮನುಷ್ಯ ಎಷ್ಟರಮಟ್ಟಿಗೆ ಸ್ವತಂತ್ರ ಎಂಬ ಪ್ರಶ್ನೆಯ ಚರಿತ್ರೆಯೂ ಹೌದು.

ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಪುನರುತ್ಥಾನಗೊಂಡ ಯೇಸು ಶಿಷ್ಯರಿಗೆ ಕೊಟ್ಟ ಪ್ರಸಂಗ ಯೋಹಾನನ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ಘೋರ ಪಾಪಗಳಿಗೆ ಎಲ್ಲರ ಕಣ್ಣೆದುರಿನಲ್ಲೇ ದೀರ್ಘ ಪ್ರಾಯಶ್ಚಿತ್ತ ನಡೆಯುತ್ತಿತ್ತು. ದೀಕ್ಷಾಸ್ನಾನದ ನಂತರ ಅಂಥ ಅವಕಾಶ ಸಿಗುತ್ತಿದ್ದುದು ಒಂದೇ ಸಲ. 250ರಲ್ಲಿ ರೋಮನ್ ಚಕ್ರವರ್ತಿ ಡೆಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞಾಪಿಸಿದಾಗ ಎಷ್ಟೋ ಕ್ರೈಸ್ತರು ಮಣಿದರು. ಅವರನ್ನು ಮತ್ತೆ ಸೇರಿಸಿಕೊಳ್ಳಬಹುದೇ? ರೋಮಿನ ನೊವಾಟಿಯನ್ ಸಲ್ಲದೆಂದ. ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಮಾತ್ರ, ತಾನಾಗಿ ಓಡಿಹೋಗಿ ಬಲಿ ಕೊಟ್ಟವನನ್ನೂ ಚಿತ್ರಹಿಂಸೆ ತಾಳಲಾರದೆ ಸೋತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಒಪ್ಪಲಿಲ್ಲ. ಕೃತ್ಯ ಒಂದೇ ಆದರೂ ಅದರ ಹಿಂದಿನ ಸ್ವಾತಂತ್ರ್ಯ ಒಂದೇ ಅಲ್ಲ ಎಂಬ ವಿವೇಕ ಅಲ್ಲಿತ್ತು.

ಐದನೇ ಶತಮಾನದ ಆರಂಭದಲ್ಲಿ ಆ ಪ್ರಶ್ನೆ ಇನ್ನೂ ಆಳಕ್ಕಿಳಿಯಿತು. ದೇವರ ಆಜ್ಞೆಗಳನ್ನು ಪಾಲಿಸಲು ಮನುಷ್ಯನ ಸಂಕಲ್ಪಶಕ್ತಿಯೇ ಸಾಕು ಎಂದು ಪೆಲಾಜಿಯಸ್ ಬೋಧಿಸಿದ. ಸಂಕಲ್ಪ ಇದೆ, ಆದರೆ ಗಾಯಗೊಂಡಿದೆ. ದೇವರ ಕೃಪೆಯಾದ ವರಪ್ರಸಾದವಿಲ್ಲದೆ ಅದು ಒಳಿತಿನತ್ತ ಏಳಲಾರದು ಎಂದ ಸಂತ ಅಗಸ್ಟೀನ್. 418ರ ಕಾರ್ಥೇಜ್ ಸಭೆ ಪೆಲಾಜಿಯಸನ ವಾದವನ್ನು ತಿರಸ್ಕರಿಸಿತು. 529ರ ಆರೆಂಜ್ ಸಭೆ ವರಪ್ರಸಾದದ ಅಗತ್ಯವನ್ನು ಎತ್ತಿಹಿಡಿಯುತ್ತಲೇ, ಕೆಡುಕಿಗೆಂದು ದೇವರೇ ಕೆಲವರನ್ನು ಗೊತ್ತುಮಾಡಿದ್ದಾನೆ ಎಂಬುದನ್ನೂ ತಳ್ಳಿಹಾಕಿತು.

ಆಚರಣೆಯನ್ನು ಬದಲಿಸಿದವರು ಐರಿಷ್ ಸನ್ಯಾಸಿಗಳು. ಧರ್ಮಗುರುವಿನ ಬಳಿ ಏಕಾಂತದಲ್ಲಿ, ಬೇಕಾದಷ್ಟು ಸಲ ಪಾಪ ಹೇಳಿಕೊಳ್ಳುವ ರೂಢಿ ಅವರಿಂದ ಯುರೋಪಿನಲ್ಲಿ ಹಬ್ಬಿತು. ಹೀಗೆ ಪದೇ ಪದೇ ಕ್ಷಮೆ ಕೊಡುವುದನ್ನು 589ರ ಟೊಲೆಡೊ ಸಭೆ ಖಂಡಿಸಿದರೂ ಕೊನೆಗೆ ಉಳಿದದ್ದು ಆ ರೂಢಿಯೇ. ಆದರೆ ಇಂಥ ಪಾಪಕ್ಕೆ ಇಷ್ಟು ದಿನದ ಉಪವಾಸ ಎಂದು ಪಟ್ಟಿ ಮಾಡಿದ ಅವರ ಕೈಪಿಡಿಗಳಲ್ಲಿ ಮನಸ್ಸಿಗಿಂತ ಲೆಕ್ಕ ದೊಡ್ಡದಾಗುವ ಅಪಾಯವಿತ್ತು. 12ನೇ ಶತಮಾನದಲ್ಲಿ ಪ್ಯಾರಿಸಿನ ಪೀಟರ್ ಅಬೆಲಾರ್ಡ್ ಪಾಪದ ಬೇರು ಮನಸ್ಸಿನ ಸಮ್ಮತಿಯಲ್ಲಿದೆ ಎಂದು ವಾದಿಸಿ ದೃಷ್ಟಿಯನ್ನು ಒಳಕ್ಕೆ ತಿರುಗಿಸಿದ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಕೇಳಿದ್ದನ್ನು ಹೊರಗೆಡಹುವ ಗುರುವಿಗೆ ಕಠಿಣ ಶಿಕ್ಷೆಯನ್ನೂ ಗೊತ್ತುಮಾಡಿತು. ಭಯವಿಲ್ಲದೆ ಬಾಯಿಬಿಡಲು ಆ ಗೋಪ್ಯವೇ ಆಸರೆ.

16ನೇ ಶತಮಾನದಲ್ಲಿ ವಾದ ಮತ್ತೆ ಹೊತ್ತಿಕೊಂಡಿತು. 1524ರಲ್ಲಿ ಎರಾಸ್ಮಸ್ ಸ್ವತಂತ್ರ ಸಂಕಲ್ಪದ ಪರ ಬರೆದರೆ, ಮರುವರ್ಷ ಮಾರ್ಟಿನ್ ಲೂಥರ್ ಸಂಕಲ್ಪ ಬಂಧಿತವಾದುದೆಂದು ಉತ್ತರಿಸಿದ. ಟ್ರೆಂಟ್ ಮಹಾಸಭೆ 1547ರಲ್ಲಿ ಕೊಟ್ಟ ನಿರ್ಣಯ ಇದು: ಆದಿಪಾಪದಿಂದ ಸ್ವತಂತ್ರ ಸಂಕಲ್ಪ ಕುಂದಿದೆ, ನಂದಿಲ್ಲ. ವರಪ್ರಸಾದ ಮೊದಲು ತಟ್ಟುತ್ತದೆ. ಒಪ್ಪುವುದೂ ನಿರಾಕರಿಸುವುದೂ ಮನುಷ್ಯನ ಕೈಯಲ್ಲಿದೆ. ಇದೇ ತಿಳಿವಳಿಕೆಯಿಂದ 1551ರಲ್ಲಿ ಅದು ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಎಂಬ ಮೂರನ್ನು ಪಾಪಿಯೇ ಮಾಡಬೇಕಾದ ಕ್ರಿಯೆಗಳೆಂದು ವಿವರಿಸಿತು. ಮುಂದೆ ದೇವಶಾಸ್ತ್ರಜ್ಞರಾದ ಮೊಲಿನಾ ಮತ್ತು ಬಾನ್ಯೆಸ್ ಅವರ ಪಂಥಗಳು ವರಪ್ರಸಾದವೂ ಸ್ವಾತಂತ್ರ್ಯವೂ ಹೇಗೆ ಕೂಡುತ್ತವೆಂದು ವರ್ಷಗಟ್ಟಲೆ ವಾದಿಸಿದವು. 1607ರಲ್ಲಿ ಪೋಪ್ ಐದನೇ ಪೌಲ್ ಯಾರ ಪರವೂ ತೀರ್ಪು ಕೊಡದೆ ಚರ್ಚೆಯನ್ನು ನಿಲ್ಲಿಸಿದರು. 18ನೇ ಶತಮಾನದಲ್ಲಿ ಸಂತ ಅಲ್ಫೋನ್ಸಸ್ ಲಿಗೋರಿ ಪಾಪಿಗಳನ್ನು ನಡೆಸಿಕೊಳ್ಳುವುದರಲ್ಲಿ ಕಠೋರತೆಗೂ ಸಡಿಲಿಕೆಗೂ ನಡುವಣ ದಾರಿ ತೋರಿದರು.

ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ವಾತಂತ್ರ್ಯವನ್ನು ಮನುಷ್ಯನಲ್ಲಿರುವ ದೇವರೂಪದ ಶ್ರೇಷ್ಠ ಗುರುತೆಂದು ಸಾರಿತು. 1973ರ ಹೊಸ ವಿಧಿಯಲ್ಲಿ ಸಂಧಾನಕ್ಕೆ, ಅಂದರೆ ದೇವರೊಂದಿಗೂ ಸಮುದಾಯದೊಂದಿಗೂ ಮರಳಿ ಕೂಡುವುದಕ್ಕೆ, ಒತ್ತು ಬಂತು. 1992ರ ಧರ್ಮೋಪದೇಶ ಗ್ರಂಥದ ಪ್ರಕಾರ ಮಾರಕ ಪಾಪಕ್ಕೆ ವಿಷಯ ಗುರುತರವಾಗಿರಬೇಕು, ಪೂರ್ಣ ಅರಿವಿರಬೇಕು, ಮನಃಪೂರ್ವಕ ಸಮ್ಮತಿಯಿರಬೇಕು. ಅಜ್ಞಾನ, ಭಯ, ಅಭ್ಯಾಸಬಲ ಹೊಣೆಯನ್ನು ತಗ್ಗಿಸಬಲ್ಲವು ಎಂದೂ ಅದು ಹೇಳುತ್ತದೆ. ಸಿಪ್ರಿಯನ್ ತೋರಿದ ವಿವೇಕ ಇಲ್ಲಿ ಬೋಧನೆಯಾಗಿ ನಿಂತಿದೆ.

ನಮ್ಮ ಬದುಕಿನಲ್ಲಿ ‘ಆದದ್ದು’ ಎಷ್ಟು, ‘ಮಾಡಿದ್ದು’ ಎಷ್ಟು ಎಂದು ಬಿಡಿಸಿ ನೋಡುವುದು ಸುಲಭವಲ್ಲ. ಎಲ್ಲವೂ ಆದದ್ದೇ ಎಂದರೆ ಕ್ಷಮಿಸುವುದಕ್ಕೆ ಏನೂ ಉಳಿಯುವುದಿಲ್ಲ; ಎಲ್ಲವೂ ನನ್ನ ಕೈಯಲ್ಲೇ ಇತ್ತು ಎಂದರೆ ಸೋತವನಿಗೆ ಏಳುವ ದಾರಿಯಿಲ್ಲ. ಈ ಎರಡೂ ತುದಿಗಳನ್ನು ಧರ್ಮಸಭೆ ಒಪ್ಪಲಿಲ್ಲ, ಅದೇ ಈ ಸಂಸ್ಕಾರದ ಬಲ. ‘ನಾನು ಮಾಡಿದೆ’ ಎಂದು ಮಂಡಿಯೂರಿ ಹೇಳಬಲ್ಲವನಿಗೆ ‘ಇನ್ನು ಮಾಡಲಾರೆ’ ಎನ್ನುವ ಸ್ವಾತಂತ್ರ್ಯವೂ ಇದೆ.